ದೋಣಿಯಲ್ಲಿ ಇಬ್ಬರು ಬೇಕಾರ್

ನಾನು ಅಮ್ಮನಿಗೆ ಜವಾಬು ಕೊಡಬೇಕಾದ ಮುದ್ದತು ಆ ಶನಿವಾರಕ್ಕೆ ಮುಗಿಯುತ್ತಿತ್ತು. ಜವಾಬು, ಮುದ್ದತು ಎರಡೂ ಅಮ್ಮನ ಮಾತುಗಳೇ. ತುಮಕೂರು ಸೀಮೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು ಅವಳು. ಕಚೇರಿ ಅವಳನ್ನು ಬಿಟ್ಟಿತು, ಕಚೇರಿಯ ಕನ್ನಡ ಬಿಡಲಿಲ್ಲ. ಊಟಕ್ಕೆ ಕರೆದ ಕೂಡಲೇ ಹೋಗದಿದ್ದರೆ ‘ಗೈರುಹಾಜರಿ ಹಾಕ್ತೀನಿ’ ಅನ್ನುತ್ತಾಳೆ. ಅಡುಗೆಮನೆಯ ಡ್ರಾಯರಿನಲ್ಲಿ ನಾನು ತುರುಕಿಟ್ಟಿದ್ದ ಹಳೇ ಬಿಲ್ಲು, ಚೀಟಿಗಳನ್ನೆಲ್ಲ ಒಂದು ದಾರದಲ್ಲಿ ಕಟ್ಟಿ ‘ನಿನ್ನ ದಫ್ತರ ಸರಿಮಾಡಿದೀನಿ’ ಅಂದಿದ್ದಳು. ಬೇಸಿಗೆಯ ಮೂರು ತಿಂಗಳು ನನ್ನ ಜೊತೆ ಇರಲು ಡಬ್ಲಿನ್ನಿಗೆ ಬಂದವಳು ಸೋಮವಾರ ವಾಪಸು ಹೊರಡುವವಳಿದ್ದಳು.

ಪ್ರಕರಣ ಇಷ್ಟು. ಬೆಂಗಳೂರಿನಲ್ಲಿ ನಲವತ್ತೆರಡು ವರ್ಷದ ಒಬ್ಬ ಎಂಜಿನಿಯರ್. ಅವನ ಅಕ್ಕ ಅಮ್ಮನಿಗೆ ಪರಿಚಯ. ನಾನು ಅವನ ಜೊತೆ ಎರಡು ಸಲ ವಿಡಿಯೊದಲ್ಲಿ ಮಾತಾಡಿದ್ದೆ. ಮನುಷ್ಯ ಒಳ್ಳೆಯವನು, ಮರ್ಯಾದಸ್ಥ, ತಲೆಯಲ್ಲಿ ಕೂದಲೂ ಇತ್ತು. ಅದೇ ತೊಂದರೆಯಾಗಿದ್ದು. ಕೆಟ್ಟವನಾಗಿದ್ದರೆ ಬೇಡ ಅನ್ನುವುದು ಎಷ್ಟು ಸುಲಭ! ನನಗೆ ಬೇಡವಾಗಿದ್ದು ಅವನಲ್ಲ, ಮದುವೆ. ನನಗೆ ಮೂವತ್ತೊಂಬತ್ತು. ಸ್ಯಾಂಡಿಫರ್ಡ್‌ನಲ್ಲಿ ಆಫೀಸು, ಅಲ್ಲಿಂದ ಲುವಾಸ್ ಟ್ರಾಮಿನಲ್ಲಿ ಮೂರು ಸ್ಟಾಪ್ ಆಚೆ ನನ್ನದೊಂದು ಪುಟ್ಟ ಮನೆ, ಬಾಲ್ಕನಿಯಲ್ಲಿ ಹಟ ಹಿಡಿದು ಬೆಳೆಸಿದ ಎರಡು ಕುಂಡ ಮೆಂತ್ಯ, ಭಾನುವಾರ ಯಾರೂ ಎಬ್ಬಿಸದ ನಿದ್ದೆ. ಈ ಬದುಕು ನನಗೆ ಹಿಡಿಸಿತ್ತು. ಆದರೆ ಅಮ್ಮನ ಕಣ್ಣಿಗೆ ಅದು ಒಂದು ಕಾಲಂ ಖಾಲಿ ಬಿಟ್ಟ ಅರ್ಜಿ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಮ್ಮ ಬಂದ ಮೊದಲ ವಾರವೇ ಈ ಮಾತೆತ್ತಿದಾಗ ‘ಮದುವೆ ಆಗದಿದ್ರೆ ನಾನೇನು ಮನುಷ್ಯಳೇ ಅಲ್ವಾ’ ಎಂದು ಕೂಗಾಡಿದ್ದೆ. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಎರಡು ದಿನ ತೊಳೆದ ಪಾತ್ರೆಗಳನ್ನೇ ಮತ್ತೆ ಮತ್ತೆ ತೊಳೆದಳು. ಅಂದಿನಿಂದ ನನಗೆ ಭಯ. ಆ ಮುಖ ಇನ್ನೊಮ್ಮೆ ಬಾಡುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಅದಕ್ಕಾಗಿ ಮದುವೆಯಾಗುವ ಶಕ್ತಿಯೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಹುಡುಗನ ಅಕ್ಕ ಫೋನು ಮಾಡುವವಳಿದ್ದಳು. ಶನಿವಾರದೊಳಗೆ ಹೇಳಿಬಿಡಬೇಕು.

ಅಷ್ಟರಲ್ಲಿ ವಾಟರ್‌ಫರ್ಡ್‌ನಿಂದ ಗೆಳತಿಯ ಫೋನು ಬಂತು. ಅವಳು ಹುಬ್ಬಳ್ಳಿಯವಳು, ಅಲ್ಲಿನ ದೊಡ್ಡ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. “ಲೇ, ಶನಿವಾರ ಸಂಜಿಗೆ ಅಮ್ಮಾರ್ನ ಕರ್ಕೊಂಡು ಬಾರಲೇ. ಹೊಳಿಮ್ಯಾಲೆ ಹಡಗಿನ್ಯಾಗ ಊಟ, ಟರ್ಕಿ ಮಂದಿ ಹಾಡು, ಕುಣಿತ. ನಮ್ಮನಿಯವರಿಗೆ ಡ್ಯೂಟಿ ಐತಿ, ನಾನು ನನ್ನ ಮಗಳು ಇಬ್ರ ಅದೀವಿ.”

ನಾನು ತಕ್ಷಣ ಒಪ್ಪಿಕೊಂಡೆ. ಟರ್ಕಿಯ ಮೇಲಿನ ಪ್ರೀತಿಯಿಂದಲ್ಲ. ದೋಣಿಯಲ್ಲಿ ಹೇಳಿದರೆ ಅಮ್ಮ ಎದ್ದು ಹೋಗಿ ಪಾತ್ರೆ ತೊಳೆಯುವಂತಿಲ್ಲ ಎಂಬ ಲೆಕ್ಕಾಚಾರ ನನ್ನದು.

ಡಬ್ಲಿನ್ನಿನಿಂದ ವಾಟರ್‌ಫರ್ಡ್‌ಗೆ ರೈಲಿನಲ್ಲಿ ಎರಡು ಗಂಟೆಗೂ ಮೀರಿದ ಹಾದಿ. ಅಷ್ಟು ಹೊತ್ತೂ ಅಮ್ಮ ಕಿಟಕಿಯಾಚೆಯ ಹಸುಗಳನ್ನು ನೋಡುತ್ತ ಎಷ್ಟು ಹಾಲು ಕರೆಯಬಹುದು ಎಂದು ಅಂದಾಜು ಹಾಕುತ್ತಿದ್ದಳು, ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಗೆಳತಿ ಮತ್ತವಳ ಎಂಟು ವರ್ಷದ ಮಗಳು ಹೊಳೆಯ ದಂಡೆಯಲ್ಲಿ ಕಾಯುತ್ತಿದ್ದರು. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಅಪ್ಪಟ ಐರಿಶ್ ಧಾಟಿಯ ಇಂಗ್ಲಿಷಿನಲ್ಲಿ. ಆ ಹೊಳೆಯ ಹೆಸರನ್ನು ಇಲ್ಲಿಯವರು ‘ಶೂರ್’ ಎಂದು ಉಚ್ಚರಿಸುತ್ತಾರೆ. “ಶೂರ್ ಅಂದ್ರೆ ಖಂಡಿತ ಅಂತಾನಾ?” ಎಂದು ಅಮ್ಮ ಕೇಳಿದಳು. ನನಗೆ ಮಾತ್ರ ಯಾವುದೂ ಖಂಡಿತವಿರಲಿಲ್ಲ.

ದೋಣಿ ಎರಡಂತಸ್ತಿನದು. ಕೆಳಗೆ ಗಾಜಿನ ಕಿಟಕಿಗಳ ಊಟದ ಹಾಲ್. ಮಾಡಿನ ತುಂಬ ಬಣ್ಣಬಣ್ಣದ ಗಾಜಿನ ದೀಪ ತೂಗುಹಾಕಿದ್ದರು, ಆದರೆ ಜೂನ್ ತಿಂಗಳ ಏಳು ಗಂಟೆಯ ಬಿಸಿಲಿನಲ್ಲಿ ಅವು ಉರಿಯುತ್ತಿದ್ದದ್ದೇ ಕಾಣುತ್ತಿರಲಿಲ್ಲ. ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು. ಅಮ್ಮ ರೇಷ್ಮೆ ಸೀರೆಯ ಮೇಲೆ ನನ್ನ ಆಫೀಸಿನ ಹೆಸರಿದ್ದ ಜಾಕೆಟ್ ಹಾಕಿ, ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿಕೊಂಡು, ಕಿಟಕಿ ಪಕ್ಕದ ಕುರ್ಚಿ ಹಿಡಿದು ಕೂತಳು.

ಕಾರ್ಯಕ್ರಮ ನಡೆಸುವಾತ ಐವತ್ತು ದಾಟಿದ, ದಪ್ಪ ಮೀಸೆಯ ಟರ್ಕಿಯವನು. ಹಗಲು ಊರೊಳಗೆ ಕ್ಷೌರದಂಗಡಿ, ವಾರಾಂತ್ಯಕ್ಕೆ ಕೈಯಲ್ಲಿ ಉದ್ದ ಕತ್ತಿನ ತಂತಿವಾದ್ಯ. ಗೆಳತಿಯ ಗಂಡನ ತಲೆಗೂ ಅವನದೇ ಕತ್ತರಿಯಂತೆ. ದೋಣಿ ದಡ ಬಿಟ್ಟ ಕೂಡಲೇ ಅಡುಗೆಯವರತ್ತ ತಿರುಗಿ “ಹಾಝರ್?” ಎಂದು ಕೂಗಿದ. ಒಳಗಿನಿಂದ “ಹಾಝರ್, ಹಾಝರ್!” ಎಂದು ಉತ್ತರ ಬಂತು.

ಅಮ್ಮ ಸೆಟೆದು ಕೂತಳು. “ಏನಂದ ಅವನು? ಹಾಜರ್ ಅಂದ್ನಾ?”

ಆತನಿಗೆ ಕೇಳಿಸಿತು. ಬಂದು ಇಂಗ್ಲಿಷಿನಲ್ಲಿ, ಎಲ್ಲ ತಯಾರಾಗಿದೆ ಎಂದರ್ಥ, ಅಂದ. ಅಲ್ಲಿಂದ ಶುರುವಾಯಿತು ನೋಡಿ. ಅಮ್ಮ ಒಂದೊಂದೇ ಮಾತನ್ನು ಎಸೆದಳು, ಆತ ಹಿಡಿದ. ತಾರೀಖು ಅಂದರೆ ‘ತಾರಿಹ್’ ಅಂದ. ದಫ್ತರ ಅಂದರೆ ‘ದೆಫ್ತೆರ್’. ಹವಾ ಅಂದರೆ ‘ಹವಾ’ನೇ. ಜವಾಬು ಅಂದರೆ ‘ಜೆವಾಪ್’. ಆ ಕೊನೆಯ ಮಾತನ್ನು ಹೇಳುವಾಗ ಅಮ್ಮ ನನ್ನತ್ತ ಒಂದು ನೋಟ ಬಿಟ್ಟಳು. ನಾನು ಹೊಳೆಯನ್ನು ನೋಡಿದೆ.

“ಇಷ್ಟು ದಿನ ಯಾರೂ ಹೇಳಿರ್ಲಿಲ್ವಲ್ಲೇ, ನಾನು ಇಪ್ಪತ್ತೇಳು ವರ್ಷ ಟರ್ಕಿ ಭಾಷೇಲಿ ಗುಮಾಸ್ತೆ ಕೆಲಸ ಮಾಡಿದ್ದು ಅಂತ!” ಅಮ್ಮನ ಮುಖ ಬಡ್ತಿ ಸಿಕ್ಕವರ ಮುಖವಾಗಿತ್ತು. ಮೂರು ತಿಂಗಳಿಂದ ಲುವಾಸ್‌ನಲ್ಲಿ, ಅಂಗಡಿಯಲ್ಲಿ, ಎಲ್ಲೆಲ್ಲೂ ನನ್ನ ಬೆನ್ನ ಹಿಂದೆ ಸುಮ್ಮನೆ ನಿಂತಿರುತ್ತಿದ್ದವಳು ಆ ದೋಣಿಯಲ್ಲಿ ನನಗೇ ದುಭಾಷಿಯಾಗಿಬಿಟ್ಟಳು.

ಊಟ ಬಂತು. ಮೊದಲು ಕೆಂಪು ಬೇಳೆಯ ಸೂಪು. ಅಮ್ಮ ಒಂದು ಚಮಚ ಬಾಯಿಗಿಟ್ಟು, “ಒಗ್ಗರಣೆ ಮರೆತ ಬೇಳೆಸಾರು,” ಎಂದು ತೀರ್ಪು ಕೊಟ್ಟಳು. ಬದನೆಕಾಯಿ ಪಾಸಾಯಿತು. ಆಮೇಲೆ ಲೋಟದಲ್ಲಿ ಉಪ್ಪು ಹಾಕಿದ ನೊರೆಮಜ್ಜಿಗೆ ಬಂದಾಗ ಮಾತ್ರ ಅವಳು ಮನಸಾರೆ ಸೋತಳು. ಎರಡು ಲೋಟ ಕುಡಿದು ಮೂರನೆಯದನ್ನು ಕೈಸನ್ನೆಯಲ್ಲೇ ತರಿಸಿಕೊಂಡಳು.

ನಡುವೆ ಹೊಳೆಯುವ ಬಟ್ಟೆ ತೊಟ್ಟ ಹೆಂಗಸೊಬ್ಬಳು ಬಂದು ಸೊಂಟ ಕುಣಿಸತೊಡಗಿದಳು. ಟರ್ಕಿಯವಳಿರಬೇಕೆಂದು ನಾವು ಬೆರಗಾಗಿ ನೋಡುತ್ತಿದ್ದರೆ, ಅವಳು ಇಲ್ಲೇ ಪಕ್ಕದ ಕಿಲ್ಕೆನ್ನಿ ಊರಿನ ಶಾಲಾ ಟೀಚರ್ ಎಂದು ಗೆಳತಿ ಕಿವಿಯಲ್ಲಿ ಹೇಳಿದಳು. ಅಮ್ಮ ಮೊದಲು ಹೊಳೆ ನೋಡಿದಳು, ಆಮೇಲೆ ಬೆರಳ ಸಂದಿನಿಂದ, ಕೊನೆಗೆ ನೇರವಾಗಿಯೇ. “ಸೊಂಟಕ್ಕೆ ಕೀಲೆಣ್ಣೆ ಬಿಟ್ಕೊಂಡಿದ್ದಾಳೆ,” ಅಂದಳು. ಸುತ್ತಲಿನ ಮೇಜುಗಳ ಐರಿಶ್ ಹೆಂಗಸರು ಕೇಕೆ ಹಾಕುತ್ತಿದ್ದರು. ಗೆಳತಿಯ ಮಗಳು ಎರಡು ಮರದ ಚಮಚಗಳನ್ನು ಟಕಟಕ ಬಡಿಯುತ್ತ ಕುಣಿಯುತ್ತಿದ್ದಳು. ಎಲ್ಲರೂ ಸಂತೋಷವಾಗಿದ್ದರು, ನನ್ನೊಬ್ಬಳನ್ನು ಬಿಟ್ಟು.

ಇದೇ ಹೊತ್ತು ಎಂದುಕೊಂಡೆ. ಮಜ್ಜಿಗೆ ಕುಡಿದು ತಣ್ಣಗಾಗಿದ್ದಾಳೆ. “ಅಮ್ಮಾ, ಆ ವಿಷಯ...” ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಮೀಸೆಯ ಯಜಮಾನ ನಮ್ಮ ಮೇಜಿಗೇ ಬಂದು ನಿಂತ. ಹಿಂದೆ ಆ ಟೀಚರಮ್ಮ ಕೈಯಲ್ಲಿ ತಟ್ಟೆ ಹಿಡಿದಿದ್ದಳು. ತಟ್ಟೆಯಲ್ಲಿ ಎರಡು ಮೇಣದ ಬತ್ತಿ, ಒಂದು ಕೆಂಪು ಬಟ್ಟೆ, ಬಟ್ಟಲಿನಲ್ಲಿ ಕಲಸಿದ ಗೋರಂಟಿ. ಅವರಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ಗೋರಂಟಿ ಹಚ್ಚುವ ಶಾಸ್ತ್ರವಂತೆ. ಅದನ್ನು ಆಡಿ ತೋರಿಸಲು ಪ್ರತಿ ಸಲವೂ ಪ್ರೇಕ್ಷಕರಲ್ಲೇ ಒಬ್ಬ ಮದುವೆಯಾಗದವಳನ್ನು ಮದುಮಗಳಾಗಿ ಕೂರಿಸುತ್ತಾರೆ. ಇದು ನಮಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಆತ ನನ್ನತ್ತ ಬೆರಳು ಮಾಡಿ, ಅಮ್ಮನಿಗೆ ತನ್ನ ಭಾಷೆ ಬರುತ್ತದೆಂಬ ಭರವಸೆಯಲ್ಲಿ, ನಗುತ್ತ ಕೇಳಿದ:

“ಬೆಕ್ಯಾರ್?”

ಅಮ್ಮ ಲೋಟ ಕೆಳಗಿಟ್ಟಳು.

“ಏನಂದೆ?”

“ಬೆಕ್ಯಾರ್?” ಆತ ಇನ್ನೂ ಅಗಲವಾಗಿ ನಕ್ಕ.

ಅಮ್ಮ ಎದ್ದು ನಿಂತಳು. ತಾಲ್ಲೂಕು ಕಚೇರಿಯಲ್ಲಿ ಅವಳು ಹೀಗೆ ಎದ್ದು ನಿಂತರೆ ದಲ್ಲಾಳಿಗಳು ಹೊರಗೆ ಓಡುತ್ತಿದ್ದರಂತೆ. “ಯಾರೋ ಹೇಳಿದ್ದು ನಿಂಗೆ ಬೇಕಾರ್ ಅಂತ? ನನ್ ಮಗಳು ಬೇಕಾರ್ ಅಲ್ಲ! ನೋ ಬೇಕಾರ್! ಇಂಜಿನಿಯರ್! ಇಪ್ಪತ್ತು ಜನ ಇವಳ ಕೈಕೆಳಗೆ ಕೆಲಸ ಮಾಡ್ತಾರೆ! ಟ್ವೆಂಟಿ ಪೀಪಲ್!” ನನ್ನ ಕೈಕೆಳಗಿರುವುದು ಆರು ಜನ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹೆಗ್ಗಣದ ಬಾಲ ಉದ್ದವಾಗುವುದೂ ಹೆತ್ತವರ ಬಾಯಲ್ಲೇ.

ಆತ ಎರಡು ಹೆಜ್ಜೆ ಹಿಂದೆ ಸರಿದು ಎದೆಯ ಮೇಲೆ ಕೈಯಿಟ್ಟು ಬಾಗಿದ. “ಸಾರಿ, ಮ್ಯಾಡಮ್, ಸಾರಿ!” ಆಮೇಲೆ ಮೈಕು ಹಿಡಿದು, ಈ ಮೇಜಿನ ಹೆಂಗಸಿಗೆ ಮದುವೆಯಾಗಿದೆ, ತಪ್ಪಾಯಿತು, ಎಂದು ಇಡೀ ದೋಣಿಗೆ ಸಾರಿದ. ದೋಣಿ ಚಪ್ಪಾಳೆ ತಟ್ಟಿತು. ಪಕ್ಕದ ಮೇಜಿನ ಬಿಳಿಕೂದಲಿನ ಹೆಂಗಸರು ಗ್ಲಾಸೆತ್ತಿ ನನಗೆ ಶುಭ ಕೋರಿ, ಆ ಅದೃಷ್ಟವಂತ ಎಲ್ಲಿ, ಎಂದು ಕೇಳಿದರು.

“ಏನಂತೆ?” ಎಂದಳು ಅಮ್ಮ.

“ನಂಗೆ ಮದುವೆ ಆಗಿದೆಯಂತೆ.”

“ಯಾವಾಗ?”

ನನಗೆ ನಗಬೇಕೋ ಹೊಳೆಗೆ ಹಾರಬೇಕೋ ತಿಳಿಯಲಿಲ್ಲ. ಗೆಳತಿಯ ಮಗಳು ಚಮಚ ಬಡಿಯುವುದನ್ನು ನಿಲ್ಲಿಸಿ ಸೀದಾ ಆತನ ಬಳಿ ಹೋಗಿ ವಿಚಾರಿಸಿಕೊಂಡು ಬಂದಳು. “ಅಜ್ಜಿ, ಬೆಕ್ಯಾರ್ ಮೀನ್ಸ್ ಸಿಂಗಲ್. ನಾಟ್ ಯೂಸ್‌ಲೆಸ್. ಶೀ ಈಸ್ ಗ್ರ್ಯಾಂಡ್!”

“ಗ್ರ್ಯಾಂಡಾ? ಏನು ಗ್ರ್ಯಾಂಡು, ಮದುವೇನಾ?”

“ಅಲ್ರೀ ಅಮ್ಮಾರ,” ಎಂದಳು ಗೆಳತಿ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ. “ಇಲ್ಲಿ ಗ್ರ್ಯಾಂಡ್ ಅಂದ್ರ ಚೊಲೋ ಇದ್ದಾಳ, ಚಿಂತಿ ಮಾಡಬ್ಯಾಡ್ರಿ ಅಂತ. ಅವರ ಭಾಷಾದಾಗ ಬೇಕಾರ್ ಅಂದ್ರ ಲಗ್ನ ಆಗದವ್ರು. ಅಷ್ಟ.”

ಅಮ್ಮ ನಿಧಾನವಾಗಿ ಕೂತಳು. ಹದಿನೈದು ವರ್ಷದಿಂದ ನನಗೆ ಮದುವೆಯಾಗಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ಕೊರಗಿದವಳು, ಈಗ ಅರವತ್ತು ಜನರೆದುರು ಎದ್ದು ನಿಂತು ನನಗೆ ಮದುವೆಯಾಗಿದೆ ಎಂದು ಸಾಧಿಸಿದ್ದಳು. ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಕೊನೆಗೆ ಸೆರಗು ಬಾಯಿಗೊತ್ತಿಕೊಂಡು ಸದ್ದಿಲ್ಲದೆ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ನಗು ಮುಗಿದ ಮೇಲೂ ಅವಳ ತುಟಿ ಆ ಪದವನ್ನೇ ಸದ್ದಿಲ್ಲದೆ ಹೇಳುತ್ತಿತ್ತು.

ಕೊನೆಗೆ ಯಜಮಾನನನ್ನು ಅವಳೇ ಕೈಬೀಸಿ ಕರೆದಳು. ನನ್ನ ಭುಜ ಹಿಡಿದು, ಸಾಮಾನು ಒಪ್ಪಿಸುವವಳಂತೆ, “ಬೇಕಾರ್. ಹಾಜರ್,” ಅಂದಳು.

ನನ್ನನ್ನು ಹಾಲಿನ ನಡುವೆ ಕುರ್ಚಿ ಹಾಕಿ ಕೂರಿಸಿದರು. ತಲೆಯ ಮೇಲೆ ಕೆಂಪು ಬಟ್ಟೆ ಬಿತ್ತು, ಲೋಕ ಕೆಂಪಾಯಿತು. ಸುತ್ತ ಹೆಂಗಸರು ಮೇಣದ ಬತ್ತಿ ಹಿಡಿದು ತಿರುಗುತ್ತ ಹಾಡತೊಡಗಿದರು. ಮದುಮಗಳು ಅಳುವಂತೆ ಹಾಡುವುದೇ ಪದ್ಧತಿಯಂತೆ. ಐರಿಶ್ ಹೆಂಗಸರಿಗೆ ಮಾತು ಬರುತ್ತಿರಲಿಲ್ಲ, ರಾಗವನ್ನು ಮಾತ್ರ ಹಿಡಿದು ಜೋರಾಗಿ ಎಳೆಯುತ್ತಿದ್ದರು. ಇನ್ನೊಂದು ನಿಯಮವೂ ಇತ್ತು. ಮದುಮಗಳು ಮುಷ್ಟಿ ಬಿಗಿ ಹಿಡಿದಿರಬೇಕು, ಅತ್ತೆ ಬಂದು ಚಿನ್ನದ ನಾಣ್ಯ ಕೊಟ್ಟರೆ ಮಾತ್ರ ಬಿಡಿಸಬೇಕು. ಅತ್ತೆಯೆಲ್ಲಿ ಎಂದು ಆತ ಮೈಕಿನಲ್ಲಿ ಕೇಳಿದ. ಇಲ್ಲದ ಅತ್ತೆಯ ಜಾಗಕ್ಕೆ ಅಮ್ಮನನ್ನೇ ತಳ್ಳಿದರು. ಅವಳ ಕೈಗೆ ಚಿನ್ನದ ಕಾಗದ ಸುತ್ತಿದ ಒಂದು ಚಾಕೊಲೇಟ್ ಕೊಟ್ಟರು.

ಅಮ್ಮ ಕೆಂಪು ಬಟ್ಟೆಯ ಅಂಚೆತ್ತಿ ತಲೆ ಒಳಗೆ ಹಾಕಿದಳು. ಹೊರಗೆ ಅಷ್ಟು ಗದ್ದಲ, ಒಳಗೆ ನಾವಿಬ್ಬರೇ. ಅವಳ ಉಸಿರಿನಲ್ಲಿ ಮಜ್ಜಿಗೆಯ ವಾಸನೆಯಿತ್ತು.

“ಮುಷ್ಟಿ ಬಿಡೇ.”

“ಅಮ್ಮಾ, ನಂಗೆ ಬೇಡ.”

“ಗೋರಂಟಿ ಬೇಡ್ವಾ?”

“ಗೋರಂಟಿ ಅಲ್ಲ. ಹುಡುಗ.”

ಎರಡು ಗಂಟೆ ರೈಲಿನಲ್ಲಿ ಜೋಡಿಸಿದ್ದ ಮಾತೆಲ್ಲ ಎಲ್ಲಿ ಹೋಯಿತೋ, ಬಂದದ್ದು ಇಷ್ಟೇ. “ಅವನು ಒಳ್ಳೇವ್ನೇ ಅಮ್ಮ. ಆದ್ರೆ ನಂಗೆ ಮದುವೇನೇ ಬೇಡ. ನೀನು ಮತ್ತೆ ಪಾತ್ರೆ ತೊಳೀಬೇಡ.” ಪದ್ಧತಿಯಂತೆ ಮದುಮಗಳಿಗೆ ಅಳು ಬಂದೇಬಿಟ್ಟಿತು.

ಅಮ್ಮ ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. “ನಿಜ ಹೇಳು. ಗ್ರ್ಯಾಂಡಾಗಿದ್ದೀಯಾ?”

“ಇದ್ದೀನಮ್ಮ. ನಿಜವಾಗ್ಲೂ ಇದ್ದೀನಿ.”

“ನಿಮ್ಮಪ್ಪ ಹೋದಾಗ ನಂಗೆ ಮೂವತ್ಮೂರು. ಮೂವತ್ತು ವರ್ಷ ಒಬ್ಳೇ ಇದ್ದೆ. ಕೆಲಸ ಮಾಡ್ದೆ, ನಿನ್ನ ಓದಿಸ್ದೆ, ಸೂರು ಕಟ್ಟಿಸ್ದೆ. ನಾನೇನು ಬೇಕಾರ್ ಆಗಿದ್ನಾ?”

“ಇಲ್ಲಮ್ಮ.”

“ಮತ್ತೆ ನೀನ್ ಹೆಂಗೆ ಬೇಕಾರ್ ಆಗ್ತೀಯ? ಇದು ನಂಗ್ ಹೊಳೀಲೇ ಇಲ್ಲ ನೋಡು. ಆ ಮೀಸೆಯವನು ಕೇಳ್ಬೇಕಾಯ್ತು.” ಅವಳು ಮೂಗೆಳೆದುಕೊಂಡಳು. “ಬಿಡೀಗ ಮುಷ್ಟಿ. ಚಾಕ್ಲೇಟ್ ಕರಗ್ತಾ ಐತೆ.”

ನಾನು ಮುಷ್ಟಿ ಬಿಟ್ಟೆ. ಅಮ್ಮ ಬಟ್ಟಲಿನಿಂದ ಗೋರಂಟಿ ತೆಗೆದು ಅಂಗೈ ನಡುವೆ ದುಂಡಗೆ ಹಚ್ಚಿದಳು. ಟರ್ಕಿಯವರು ಹಚ್ಚುವುದೂ ಹಾಗೆಯೇ, ನಮ್ಮೂರಲ್ಲಿ ಹಚ್ಚುತ್ತಿದ್ದುದೂ ಹಾಗೆಯೇ. ನಮ್ಮ ಹಿತ್ತಲಲ್ಲಿ ಗೋರಂಟಿ ಗಿಡವಿತ್ತು. ಹಬ್ಬಕ್ಕೆ ಅಮ್ಮ ಸೊಪ್ಪು ರುಬ್ಬಿ ನನಗೂ ಬೀದಿಯ ಹೆಣ್ಣುಮಕ್ಕಳಿಗೂ ಹಚ್ಚುತ್ತಿದ್ದಳು. ಅಪ್ಪ ಹೋದ ಮೇಲೆ ಮಾತ್ರ, ಹಚ್ಚುವ ಮೊದಲು ತನ್ನ ಬೆರಳುಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳುತ್ತಿದ್ದಳು. ಗಂಡ ಸತ್ತವಳ ಬೆರಳು ಕೆಂಪಾದರೆ ನೋಡಿದವರು ಏನಂದಾರು ಎಂಬ ಅಳುಕು. ಪ್ಲಾಸ್ಟಿಕ್ಕಿನ ಆ ಸರಸರ ಸದ್ದಿಲ್ಲದೆ ನನಗೆ ಹಬ್ಬ ನೆನಪಾಗುವುದೇ ಇಲ್ಲ.

“ಅಮ್ಮಾರ, ನಿಮ್ಮ ಕೈಗೂ ಹತ್ತೈತ್ರಿ,” ಎಂದಳು ಗೆಳತಿ.

ಅಮ್ಮ ತನ್ನ ಬೆರಳು ನೋಡಿಕೊಂಡಳು. ಆತುರಾತುರವಾಗಿ ಒಂದು ಪೇಪರ್ ನ್ಯಾಪ್ಕಿನ್ ಎಳೆದುಕೊಂಡಳು. ಒರೆಸಲಿಲ್ಲ. ನ್ಯಾಪ್ಕಿನ್ ಹಿಡಿದುಕೊಂಡೇ ಕಿಟಕಿಯಾಚೆ ನೋಡಿದಳು. ಹೊಳೆಯ ದಂಡೆಯಲ್ಲಿ ಯಾರೋ ನಾಯಿ ಓಡಾಡಿಸುತ್ತಿದ್ದರು. ಅವರಿಗೂ ಅಮ್ಮನಿಗೂ ಯಾವ ಸಂಬಂಧವೂ ಇರಲಿಲ್ಲ. ಆಮೇಲೆ ನ್ಯಾಪ್ಕಿನ್ನನ್ನು ಮಡಿಚಿ ಲೋಟದ ಕೆಳಗಿಟ್ಟು, ಬಟ್ಟಲು ಹಿಡಿದ ಟೀಚರಮ್ಮನ ಮುಂದೆ ತನ್ನ ಬಲಗೈ ಚಾಚಿದಳು.

“ಐ ಆಲ್ಸೋ ಬೇಕಾರ್,” ಅಂದಳು.

ಯಜಮಾನ ಮತ್ತೆ ಎದೆಯ ಮೇಲೆ ಕೈಯಿಟ್ಟು ಬಾಗಿದ. ಈ ಸಲ ಹೆದರಿ ಅಲ್ಲ. ಟೀಚರಮ್ಮ ಅಂಗೈ ನಡುವೆ ರೂಪಾಯಿಯಗಲ ಗೋರಂಟಿ ಇಟ್ಟಳು. ಬಿಳಿಕೂದಲಿನ ಹೆಂಗಸರು ಮತ್ತೆ ರಾಗವೆಳೆದರು. ಗೆಳತಿಯ ಮಗಳು ಚಮಚ ಬಡಿದಳು. ದೋಣಿ ತಿರುಗಿ ಊರಿನತ್ತ ಹೊರಟಾಗಲೂ ಬಿಸಿಲಿತ್ತು, ಮತ್ತು ಅಮ್ಮ ಎಡಗೈಯಲ್ಲಿ ನಾಲ್ಕನೇ ಲೋಟ ಮಜ್ಜಿಗೆ ಕುಡಿಯುತ್ತಿದ್ದಳು.

ರಾತ್ರಿ ಬಸ್ಸಿನಲ್ಲಿ ಡಬ್ಲಿನ್ನಿಗೆ ಮರಳಿದೆವು. ಮಾರನೆಯ ಬೆಳಿಗ್ಗೆ ಮನೆಯಲ್ಲಿ ನಾನು ಏಳುವ ಮೊದಲೇ ಅಮ್ಮ ಎದ್ದು ಕೈಗೆ ಎಣ್ಣೆ ಸವರಿಕೊಂಡು ಕೂತಿದ್ದಳು. ಬಣ್ಣ ಚೆನ್ನಾಗಿ ಹತ್ತಿತ್ತು, ನನ್ನದಕ್ಕಿಂತ ಕೆಂಪು. ಗೋರಂಟಿ ಕೆಂಪಗೆ ಹತ್ತಿದರೆ ಒಳ್ಳೆ ಗಂಡ ಸಿಗುತ್ತಾನೆ ಎಂದು ಊರಲ್ಲಿ ಹೇಳುತ್ತಾರೆ. “ನಿಂಗೇ ನೋಡಬೇಕಾಯ್ತಲ್ಲಮ್ಮ ಈಗ,” ಎಂದೆ. “ಮುಚ್ಚೇ ಬಾಯಿ,” ಅಂದಳು. ಅಷ್ಟರಲ್ಲಿ ಫೋನು ಬಂತು. ಹುಡುಗನ ಅಕ್ಕ.

ನಾನು ಕೈಚಾಚಿದೆ. ನನ್ನ ಜವಾಬನ್ನು ನಾನೇ ಹೇಳುವುದು ನ್ಯಾಯ ಅನಿಸಿತ್ತು. ಅಮ್ಮ ಕೊಡಲಿಲ್ಲ. ಕುಶಲೋಪರಿ ಮುಗಿಯಿತು, ಹವಾಮಾನ ಮುಗಿಯಿತು. ಆ ಕಡೆಯಿಂದ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು: “ಮತ್ತೆ, ಹುಡುಗಿ ಏನಂದ್ಲು?”

“ನೋಡ್ರಮ್ಮ, ನಿಮ್ಮ ತಮ್ಮ ಬಂಗಾರದಂಥ ಹುಡುಗ. ಅವನಿಗೆ ಬೇರೆ ಕಡೆ ನೋಡಿ,” ಅಂದಳು ಅಮ್ಮ, ನನ್ನತ್ತ ನೋಡುತ್ತ, ಕೆಂಪು ಬೆರಳಿನಿಂದ ಜಡೆ ಹಿಂದಕ್ಕೆ ಸರಿಸಿಕೊಳ್ಳುತ್ತ. “ನಮ್ಮ ಹುಡುಗಿ ಬೇಕಾರ್.”

ಆ ಕಡೆಯ ದನಿ ಏರಿತು. “ಅಯ್ಯೋ, ಹಂಗ್ಯಾಕಂತೀರಿ? ಹೆತ್ತ ಮಗಳ್ನ ಯಾರಾದ್ರೂ ಹಂಗಂತಾರಾ?”

“ಇರೋದು ಹೇಳ್ಬೇಕಲ್ಲಮ್ಮ. ಬೇಕಾರ್ ಅಂದ್ರೆ ಬೇಕಾರ್,” ಅಂದಳು ಅಮ್ಮ. “ಥೇಟ್ ತಾಯಿ ಥರಾನೇ.”